ಜೀತವೆಂಬ ಶಬ್ದ, ಜೀತವೆಂಬ ಬಾಳು

ಹಳೆಗನ್ನಡದಲ್ಲಿ ‘ಜೀತ’ವೆಂದರೆ ವೇತನ. ವೇತನ ಪಡೆಯುವವನು ಸ್ವತಂತ್ರನಷ್ಟೆ. ಆದರೂ ಕಾಲಕ್ರಮದಲ್ಲಿ ಆ ಶಬ್ದವೇ ಸಾಲಕ್ಕೆ ಕಟ್ಟುಬಿದ್ದವನ ದುಡಿಮೆಗೆ ಹೆಸರಾಯಿತು. ‘ತೊತ್ತು’ ಎಂಬ ಕೀಳುಮಾತನ್ನು ಶರಣರು ಭಕ್ತಿಯ ವಿನಯಕ್ಕೆ ಏರಿಸಿದರು. ಜೀತಕ್ಕೆ ಒದಗಿದ್ದು ಇದಕ್ಕೆ ವಿಪರೀತವಾದ ಗತಿ.

ಕಾನೂನೂ ಈ ಮಬ್ಬನ್ನು ಬೇಗನೆ ಕಳೆಯಲಿಲ್ಲ. 1843ರ ಐದನೆಯ ಕಾಯಿದೆಯು ಗುಲಾಮರನ್ನು ಬಿಡುಗಡೆ ಮಾಡಿತೆಂದು ಪಾಠ ಹೇಳುವುದುಂಟು, ನಾನೂ ಹೇಳಿದ್ದೇನೆ. ವಾಸ್ತವವಾಗಿ, ಗುಲಾಮನ ಮೇಲಣ ಒಡೆಯನ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯಬಾರದೆಂದು ಅದು ವಿಧಿಸಿತೇ ಹೊರತು, ಗುಲಾಮನನ್ನು ಇಟ್ಟುಕೊಳ್ಳುವುದನ್ನು ಅಪರಾಧವೆನ್ನಲಿಲ್ಲ. ಅದೂ ಕಂಪನಿಯ ಸೀಮೆಗೆ ಮಾತ್ರ. 1824ರ ಯುದ್ಧದ ತರುವಾಯ ಕಂಪನಿಯ ವಶವಾದ ಕಿತ್ತೂರು, ಬೈಲಹೊಂಗಲಗಳಿಗೂ ಸವದತ್ತಿಗೂ ಅದು ಅನ್ವಯಿಸಿತು. ನೆರೆಯ ರಾಮದುರ್ಗವು 1948ರವರೆಗೂ ಸಂಸ್ಥಾನವಾಗಿದ್ದುದರಿಂದ ಅಲ್ಲಿಗೆ ಅನ್ವಯಿಸಲಿಲ್ಲ. ಮಲಪ್ರಭೆಯ ದಂಡೆಗುಂಟ ನಡೆದವನು ಎಲ್ಲೆ ದಾಟಿದೊಡನೆ ಬೇರೊಂದು ಕಾನೂನಿಗೆ ಒಳಗಾಗುತ್ತಿದ್ದನು!

1862ರಲ್ಲಿ ಜಾರಿಗೆ ಬಂದ ದಂಡಸಂಹಿತೆಯು ಗುಲಾಮರ ಕ್ರಯವಿಕ್ರಯವನ್ನು ಅಪರಾಧವೆಂದಿತು. ಆದರೆ ಸಾಲದ ದುಡಿಮೆಯಲ್ಲಿ ಕ್ರಯವೆಲ್ಲಿ, ವಿಕ್ರಯವೆಲ್ಲಿ? ಅಲ್ಲಿದ್ದುದು ಹೆಬ್ಬೆಟ್ಟಿನ ಕರಾರು. ತಂದೆಯ ಸಾಲಕ್ಕೆ ಮಗನು ದುಡಿದರೂ ಅದು ಕರಾರೆಂದೇ ನಡೆದುಬಂದಿತು. ಜೀತಗಾರನೊಡನೆ ಅವನ ಸಾಲವನ್ನೂ ವಜಾ ಮಾಡಲು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯೇ ಬರಬೇಕಾಯಿತು.