ಆಣೆ ಲೆಕ್ಕದಿಂದ ಉಪಗ್ರಹದವರೆಗೆ: ಮಣ್ಣಿನ ನಕ್ಷೆಯ ಹಾದಿ

ಕನ್ನಡ ನಾಡಿನ ಮಣ್ಣನ್ನು ಹೊಲ ಹೊಲಕ್ಕೂ ಹೋಗಿ ಕ್ರಮಬದ್ಧವಾಗಿ ವಿಂಗಡಿಸುವ ಕೆಲಸಕ್ಕೆ ಕೈಹಾಕಿದವರು ಕೃಷಿ ವಿಜ್ಞಾನಿಗಳಲ್ಲ, ಕಂದಾಯದ ಮೋಜಣಿದಾರರು. 1835ರಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಮೋಜಣಿ ಪದ್ಧತಿಯು ಮುಂದಿನ ದಶಕದಲ್ಲಿ ಧಾರವಾಡಕ್ಕೂ, 1863ರಿಂದ ಮೈಸೂರು ಸಂಸ್ಥಾನಕ್ಕೂ ಹಬ್ಬಿತು. ಮಣ್ಣಿನ ಬಣ್ಣ, ನುಣುಪು ಮತ್ತು ಮೊಳದ ಲೆಕ್ಕದ ಆಳವನ್ನು ನೋಡಿ, ಆಳವಾದ ಉತ್ತಮ ಎರೆಮಣ್ಣಿಗೆ 16 ಆಣೆಯ, ಅಂದರೆ ಪೂರ್ಣ ರೂಪಾಯಿಯ, ಬೆಲೆ ಕಟ್ಟಿ, ಅಲ್ಲಿಂದ ಕೆಳಕ್ಕೆ ಒಟ್ಟು ಒಂಬತ್ತು ದರ್ಜೆಗಳನ್ನು ಗೊತ್ತುಪಡಿಸಲಾಗಿತ್ತು. ಸುಣ್ಣದ ಹರಳು, ಮರಳಿನ ಬೆರಕೆ, ಇಳಿಜಾರುಗಳಂತಹ ಒಂದೊಂದು ದೋಷಕ್ಕೂ ನೆಲವು ಒಂದೊಂದು ದರ್ಜೆ ಕೆಳಗಿಳಿಯುತ್ತಿತ್ತು. ಉದ್ದೇಶವು ತೆರಿಗೆಯೇ ಆಗಿದ್ದರೂ, ಒಂದೇ ಹೊಲದೊಳಗೆ ಮಣ್ಣು ಬದಲಾಗುತ್ತದೆಂದು ಒಪ್ಪಿ ಅದನ್ನು ಭಾಗಗಳಾಗಿ ಪರೀಕ್ಷಿಸಿದ ಈ ಕ್ರಮವು, ನೆಲದ ಒಂದೊಂದು ತುಣುಕಿಗೂ ಅದಕ್ಕೆ ತಕ್ಕಷ್ಟೇ ನೀರು, ಗೊಬ್ಬರ ಕೊಡುವ ಇಂದಿನ ನಿಖರ ಕೃಷಿಗೆ ಅಚ್ಚರಿಯೆನಿಸುವಷ್ಟು ಸಮೀಪವಾಗಿತ್ತು.

ಇಪ್ಪತ್ತನೆಯ ಶತಮಾನದ ಮಣ್ಣು ವಿಜ್ಞಾನವು ಮಣ್ಣಿನ ಹುಟ್ಟು ಮತ್ತು ಪದರಗಳ ಬಗ್ಗೆ ಹೆಚ್ಚು ತಿಳಿಸಿತಾದರೂ ಅದರ ನಕ್ಷೆಗಳು ಹೊಲದಿಂದ ದೂರ ಸರಿದವು. 1976ರಲ್ಲಿ ನಾಗಪುರದಲ್ಲಿ ನೆಲೆಗೊಂಡ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯು ಸಿದ್ಧಪಡಿಸಿದ ಕರ್ನಾಟಕದ ಮಣ್ಣಿನ ನಕ್ಷೆಯು 1:2,50,000 ಪ್ರಮಾಣದ್ದು, ಅಂದರೆ ಕಾಗದದ ಒಂದು ಸೆಂಟಿಮೀಟರು ನೆಲದ ಎರಡೂವರೆ ಕಿಲೋಮೀಟರಿಗೆ ಸಮ. ರಾಜ್ಯದ ಯೋಜನೆಗೆ ಅದು ಸಾಕು, ರೈತನಿಗೆ ಸಾಲದು.

ನೆಲವನ್ನು ಮೇಲಿನಿಂದ ನೋಡುವ ಇನ್ನೊಂದು ದಾರಿಯನ್ನು ಉಪಗ್ರಹಗಳು ತೆರೆದವು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಉಡಾವಣೆಯಾದ ಭಾರತದ ಐಆರ್‌ಎಸ್-1ಎ ಉಪಗ್ರಹದ ಒಂದು ಕ್ಯಾಮೆರಾ 72.5 ಮೀಟರಿನ, ಇನ್ನೊಂದು ಸುಮಾರು 36 ಮೀಟರಿನ ಚೌಕವನ್ನು ಒಂದು ಬಿಂದುವಾಗಿ ಕಾಣುತ್ತಿತ್ತು. ಮೊದಲನೆಯದರ ಒಂದು ಬಿಂದುವಿನಲ್ಲಿ ಒಂದೂಕಾಲು ಎಕರೆಗೂ ತುಸು ಹೆಚ್ಚು ನೆಲ ಅಡಗುತ್ತಿತ್ತು. ಎರೆಮಣ್ಣು ಬೆಳಕನ್ನು ಹೀರಿ ಕಪ್ಪಾಗಿಯೂ, ಉಪ್ಪು ಮೇಲೆದ್ದ ಸವುಳು ನೆಲ ಬೆಳ್ಳಗೆಯೂ ಕಾಣುವುದರಿಂದ, ಬಿತ್ತನೆಗೆ ಮೊದಲು ನೆಲ ಬರಿದಾಗಿರುವಾಗ ತೆಗೆದ ಚಿತ್ರಗಳು ಮಣ್ಣಿನ ಗಡಿಗಳನ್ನು ಗುರುತಿಸಲು ನೆರವಾದವು. ಆದರೆ ಅಂತಹ ಚಿತ್ರ ಓದುವುದು ಮೇಲ್ಮೈಯನ್ನು ಮಾತ್ರ. ಕಲ್ಲು ಎಷ್ಟು ಆಳದಲ್ಲಿದೆ, ಸತುವಿನ ಕೊರತೆ ಇದೆಯೇ ಎಂಬುದು ಅದರಲ್ಲಿ ನೇರವಾಗಿ ಕಾಣದು.

ಹೊಲ ಹೊಲದ ಮೋಜಣಿ ಮತ್ತು ಉಪಗ್ರಹ ಚಿತ್ರ ಎಂಬ ಎರಡು ಪರಂಪರೆಗಳು ಕೂಡಿದ್ದು ವಿಶ್ವಬ್ಯಾಂಕಿನ ನೆರವಿನಿಂದ 2012ರ ನಂತರ ಕರ್ನಾಟಕದ ಹನ್ನೊಂದು ಜಿಲ್ಲೆಗಳಲ್ಲಿ ನಡೆದ ಸುಜಲಾ ಮೂರನೆಯ ಹಂತದ ಜಲಾನಯನ ಯೋಜನೆಯಲ್ಲಿ. ಅಲ್ಲಿ ಸರ್ವೆ ನಂಬರುಗಳುಳ್ಳ ಗ್ರಾಮನಕ್ಷೆಯನ್ನು ಸೂಕ್ಷ್ಮ ಉಪಗ್ರಹ ಚಿತ್ರದೊಂದಿಗೆ ಹೊಂದಿಸಿ, 1:7,920 ಪ್ರಮಾಣದಲ್ಲಿ, ಅಂದರೆ ಮೈಲಿಗೆ ಎಂಟು ಅಂಗುಲದ ಹಳೆಯ ಮೋಜಣಿಯ ಲೆಕ್ಕದಲ್ಲಿಯೇ, ಮಣ್ಣಿನ ಆಳ, ಇಳಿಜಾರು, ಸವಕಳಿಗಳನ್ನು ದಾಖಲಿಸಲಾಯಿತು. ಮಣ್ಣಿನ ಆಳ, ಪದರಗಳನ್ನು ನೋಡಲು ಗುಂಡಿಯನ್ನು ಎಲ್ಲಿ ತೋಡಬೇಕು, ಅಲ್ಲಿ ಕಂಡದ್ದನ್ನು ಎಲ್ಲಿಯವರೆಗೆ ಅನ್ವಯಿಸಬಹುದು ಎಂಬುದನ್ನು ಉಪಗ್ರಹ ಹೇಳಿತೇ ಹೊರತು, ಗುಂಡಿಯ ಅಗತ್ಯವನ್ನು ಅದು ತಪ್ಪಿಸಲಿಲ್ಲ. ಉಪಗ್ರಹ ಚಿತ್ರವೊಂದನ್ನೇ ನೆಚ್ಚಿ ಎಕರೆಗೆ ಇಷ್ಟೇ ಗೊಬ್ಬರವೆಂದು ಹೇಳುವ ಸಲಹೆಯನ್ನು ರೈತನು ಮಣ್ಣು ಪರೀಕ್ಷೆಯ ಫಲಿತಾಂಶದೊಂದಿಗೆ ತಾಳೆ ನೋಡಿಯೇ ಒಪ್ಪಬೇಕು.