ಕೊಪ್ಪಳದ ಕಂದಾಯ, ಹೈದರಾಬಾದಿನ ಅಮೃತಶಿಲೆ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರು ಮುಸುಕಿನ ರೆಬೆಕಾಳ ಪ್ರತಿಮೆಯ ಮುಂದೆ ತುಸು ಹೊತ್ತು ನಿಲ್ಲದೆ ಮುಂದೆ ಸಾಗುವುದಿಲ್ಲ. ಮುಸುಕೂ ಕಲ್ಲು, ಮುಖವೂ ಕಲ್ಲು. ಆದರೂ ತೆಳುಬಟ್ಟೆಯ ಮರೆಯಿಂದ ಮುಖ ಕಂಡಂತೆ ಭಾಸವಾಗುತ್ತದೆ. ಇಟಲಿಯ ಶಿಲ್ಪಿ ಬೆಂಜೋನಿಯ ಈ ಕೃತಿಯನ್ನು 1876ರಲ್ಲಿ ರೋಮಿನಲ್ಲಿ ಕೊಂಡವರು ನಿಜಾಮರ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್. ಈ ಮನೆತನದ ಜಹಗೀರಿನಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸೀಮೆಗಳೂ ಸೇರಿದ್ದವೆಂಬುದು ಮಾತ್ರ ನೋಡುವವರಿಗೆ ಹೊಳೆಯುವುದು ಕಡಿಮೆ.

ಜಹಗೀರೆಂದರೆ ಆ ಸೀಮೆಯ ಕಂದಾಯ ಸರ್ಕಾರದ ಖಜಾನೆಗೆ ಹೋಗದೆ ಜಹಗೀರುದಾರರ ಮನೆಗೆ ಸಲ್ಲುವ ಏರ್ಪಾಡು. ನೆರೆಯ ಗಂಗಾವತಿ, ಕುಷ್ಟಗಿಗಳು ನಿಜಾಮ್ ಸರ್ಕಾರದ ನೇರ ಆಡಳಿತದಲ್ಲಿದ್ದವು. ಕೊಪ್ಪಳ, ಯಲಬುರ್ಗಾಗಳ ರೈತ ತೆತ್ತ ಜೋಳದ ಹೊಲದ ಹಣ ಸೇರುತ್ತಿದ್ದುದು ಹೈದರಾಬಾದಿನ ದಿವಾನ್ ದೇವಡಿಗೆ. ಯಾವ ಹೊಲದ ಕಂದಾಯ ಯಾವ ಪ್ರತಿಮೆಯಾಯಿತೆಂದು ಬಿಡಿಸಿ ಹೇಳಲಾಗದು. ಆ ಬೊಕ್ಕಸ ತುಂಬಿದವರಲ್ಲಿ ಇವರೂ ಇದ್ದರು ಎಂದಷ್ಟೇ ಹೇಳಬಹುದು.

ಸಂಗ್ರಹವನ್ನು ಇಂದಿನ ಗಾತ್ರಕ್ಕೆ ಬೆಳೆಸಿದವರು ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್. 1912ರಲ್ಲಿ ದಿವಾನಗಿರಿ ವಹಿಸಿಕೊಂಡ ಅವರು 1914ರಲ್ಲಿ ಅದನ್ನು ಬಿಟ್ಟರು. ಮುಂದಿನ ಮೂವತ್ತೈದು ವರ್ಷ ಕೊಳ್ಳುವುದೇ ಅವರ ಕಾಯಕವಾಯಿತು: ದಂತ, ಪಿಂಗಾಣಿ, ಗಡಿಯಾರ, ಹಸ್ತಪ್ರತಿ, ಪರ್ಷಿಯಾದ ಜಮಖಾನೆ. ಆರಿಸಿ ಕೊಂಡದ್ದಕ್ಕಿಂತ ಕಂಡದ್ದನ್ನೆಲ್ಲ ಕೊಂಡದ್ದೇ ಹೆಚ್ಚೇನೋ ಎನಿಸುವಷ್ಟು ವೈವಿಧ್ಯ. ಅವಿವಾಹಿತರಾಗಿದ್ದ ಅವರು ತೀರಿಕೊಂಡದ್ದು 1949ರ ಮಾರ್ಚ್ 2ರಂದು. ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದ್ ಸಂಸ್ಥಾನದ ಜಹಗೀರುಗಳೇ ರದ್ದಾದವು. ತಲೆಮಾರುಗಳಿಂದ ಬಂದ ಭೂಮಿಯ ವರಮಾನ ಒಂದು ಕಾನೂನಿನಿಂದ ನಿಂತಿತು. ಅದರಿಂದ ಕೊಂಡ ವಸ್ತುಗಳು ಹಾಗೆಯೇ ಉಳಿದವು.

ಕಲೆಯನ್ನು ಬಂಡವಾಳವೆಂದು ಕಾಣುವವರು ಮುಂದಿಡುವ ವಾದವೂ ಇದೇ. ಆದರೆ ಕಲಾಕೃತಿ ಬ್ಯಾಂಕಿನ ಠೇವಣಿಯಂತೆ ಬಡ್ಡಿ ತರುವುದಿಲ್ಲ, ಹೊಲದಂತೆ ಬೆಳೆ ಕೊಡುವುದಿಲ್ಲ. ಕಾವಲು, ವಿಮೆ, ಹುಳುಹುಪ್ಪಟೆಯಿಂದ ರಕ್ಷಣೆ ಎಂದು ಖರ್ಚನ್ನೇ ಬೇಡುತ್ತದೆ. ಮಾರಿದ ದಿನವಷ್ಟೇ ಲಾಭ, ಅದರಲ್ಲೂ ಹರಾಜುದಾರರ ಕಮಿಷನ್ ಕಳೆಯಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. 1954ರಲ್ಲಿ ಬರೆದ ಎಂ.ಎಫ್. ಹುಸೇನರ ‘ಗ್ರಾಮಯಾತ್ರೆ’ 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ 1 ಕೋಟಿ 37 ಲಕ್ಷ ಡಾಲರಿಗೂ ಮೀರಿ ಮಾರಾಟವಾದದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಮಾರಾಟವಾಗದೆ ಮರಳಿದ ಚಿತ್ರಗಳು ಸುದ್ದಿಯಾಗುವುದಿಲ್ಲ.

ಸಾಲಾರ್ ಜಂಗರ ಸಂಗ್ರಹ ಆ ಪೇಟೆಗೆ ಹೋಗಲಿಲ್ಲ. 1951ರ ಡಿಸೆಂಬರ್ 16ರಂದು ನೆಹರೂ ದಿವಾನ್ ದೇವಡಿಯಲ್ಲೇ ಅದನ್ನು ಜನರಿಗೆ ತೆರೆದರು. ವಾರಸುದಾರರ ನಡುವಿನ ವ್ಯಾಜ್ಯ ರಾಜಿಯಲ್ಲಿ ಮುಗಿದು, 1958ರಲ್ಲಿ ಸಂಗ್ರಹ ಕೇಂದ್ರ ಸರ್ಕಾರಕ್ಕೆ ಸೇರಿತು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ಮೂಸಿ ನದಿಯ ದಂಡೆಯ ಕಟ್ಟಡಕ್ಕೆ ಹೋಯಿತು. ಹೀಗೆ ಸುಮಾರು 43 ಸಾವಿರ ವಸ್ತುಗಳಿಗೆ ಬೆಲೆ ಕಟ್ಟುವ ಪ್ರಸಂಗವೇ ತಪ್ಪಿತು.

ಇನ್ನು ಕೊಪ್ಪಳದ ಸಮೀಪದಲ್ಲೇ ಇರುವ ಕಿನ್ನಾಳದ ಮಾತು. ಇಲ್ಲಿನ ಚಿತ್ರಗಾರರ ಪೂರ್ವಿಕರು ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಗೆ ಚಿತ್ರ ಬರೆದವರೆಂಬ ಪ್ರತೀತಿಯಿದೆ. ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಗೋಣಿನಾರು ಮತ್ತು ಮರದ ಹೊಟ್ಟು ಕಲಸಿದ ‘ಕಿಟ್ಟ’ವನ್ನು ಮೆತ್ತಿ ಬಣ್ಣ ಬಳಿಯುತ್ತಾರೆ. ‘ಲಾಜವಾರ’ವೆಂಬ ತವರದ ಲೇಪಕ್ಕೆ ಚಿನ್ನದ ಹೊಳಪು. ಗೌರಿ, ಗರುಡ, ತೊಟ್ಟಿಲು, ಪಲ್ಲಕ್ಕಿ, ಎಲ್ಲವೂ ಕೂಲಿಗೆ ತಕ್ಕ ಬೆಲೆಗೇ ಹೋದವು. ಅವು ಹಳೆಯದಾಗಿ ಬೆಲೆ ಏರಿದಾಗ ಲಾಭ ಕೊಂಡವನದು.

ಇದಕ್ಕೆ ಕಾನೂನಿನಲ್ಲಿ ಒಂದು ದಾರಿ ಇಲ್ಲದಿಲ್ಲ. ಕೃತಿಸ್ವಾಮ್ಯ ಕಾಯಿದೆಯ 53ಎ ಕಲಮಿನಂತೆ, ಚಿತ್ರ ಅಥವಾ ಶಿಲ್ಪವೊಂದು 10 ಸಾವಿರ ರೂಪಾಯಿ ಮೀರಿ ಮರುಮಾರಾಟವಾದರೆ ಅದರ ಕರ್ತೃ ಅಥವಾ ವಾರಸುದಾರರು ಬೆಲೆಯಲ್ಲಿ ಪಾಲು ಕೇಳಬಹುದು. ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ಕೇಳಬೇಕಾದರೆ ಮಾಡಿದವರು ಯಾರೆಂದು ತೋರಿಸಬೇಕು. ಕಿನ್ನಾಳದ ಹಳೆಯ ಗರುಡನ ಪೀಠವನ್ನು ತಿರುವಿ ನೋಡಿದರೂ ಅಲ್ಲಿ ಕೆತ್ತಿದವನ ಹೆಸರು ಸಿಗುವುದು ಅಪರೂಪ.