ಓಲೆಯಲ್ಲಿ ನಿಂತ ಕಾಳಗ: ಗ್ರಂಥಗಳಿಂದ ಯುದ್ಧವಿದ್ಯೆಯ ಕಲಿಕೆ

ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭನಾಥನು ತನ್ನ ಮಕ್ಕಳಿಗೆ ವಿದ್ಯೆ ಕಲಿಸುವ ಪ್ರಸಂಗವಿದೆ. ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕ, ಭರತನಿಗೆ ಅರ್ಥಶಾಸ್ತ್ರ, ಬಾಹುಬಲಿಗೆ ಇತರ ವಿದ್ಯೆಗಳೊಡನೆ ಧನುರ್ವೇದ. ಮಾತನ್ನು ಹಿಡಿದಿಡುವ ಲಿಪಿಯೂ ದೇಹದಲ್ಲಿ ನೆಲೆಗೊಳ್ಳಬೇಕಾದ ಬಿಲ್ವಿದ್ಯೆಯೂ ಒಬ್ಬನೇ ಗುರುವಿನಿಂದ ಹೊರಟವು. ಕಾಲಕ್ರಮದಲ್ಲಿ ಇತರ ಶಾಸ್ತ್ರಗಳಂತೆ ಧನುರ್ವೇದವೂ ಮಲ್ಲವಿದ್ಯೆಯೂ ಓಲೆಗೆ ಇಳಿದವು. ಹಾಗಾದರೆ ಆ ಓಲೆಯನ್ನು ಬಿಚ್ಚಿ ಓದಿದವನು, ಗುರುವಿನ ನೆರವಿಲ್ಲದೆ, ಬಿಲ್ಲಾಳೋ ಜಟ್ಟಿಯೋ ಆಗಬಲ್ಲನೆ? ಇದಕ್ಕೆ ಉತ್ತರ ಆ ಗ್ರಂಥಗಳ ಸ್ವರೂಪದಲ್ಲಿಯೇ ಅಡಗಿದೆ.

ಅಗ್ನಿಪುರಾಣದ ಧನುರ್ವೇದ ಭಾಗವನ್ನು ನೋಡಬಹುದು. ಬಿಲ್ಲಾಳಿನ ನಿಲುವುಗಳನ್ನು ಅದು ಅಳತೆಸಹಿತ ಹೇಳುತ್ತದೆ. ವೈಶಾಖದಲ್ಲಿ ಪಾದಗಳ ನಡುವಣ ಅಂತರ 3 ಗೇಣು, ಮಂಡಲದಲ್ಲಿ 4, ಆಲೀಢದಲ್ಲಿ 5; ಆಲೀಢವನ್ನು ಎಡಬಲ ತಿರುಗಿಸಿದರೆ ಪ್ರತ್ಯಾಲೀಢ. ಇಷ್ಟನ್ನು ಓದುಗನೊಬ್ಬನು ನೆಲದ ಮೇಲೆ ಗೆರೆ ಎಳೆದುಕೊಂಡು ತಾನೇ ಸಾಧಿಸಿಕೊಳ್ಳಬಹುದು. ಆದರೆ ಕತ್ತಿ ಗುರಾಣಿಗಳ 32 ಚಲನೆಗಳಿಗೆ ಬಂದಾಗ ಅದೇ ಪುರಾಣವು ಭ್ರಾಂತ, ಉದ್ಭ್ರಾಂತ, ಆವಿದ್ಧ ಎಂದು ಹೆಸರುಗಳನ್ನು ಪೋಣಿಸಿ ಮುಂದೆ ಸಾಗುತ್ತದೆ. ನಿಂತ ದೇಹವನ್ನು ಅಳೆಯಬಲ್ಲ ಬರಹ, ಚಲಿಸುವ ದೇಹದ ಎದುರಿಗೆ ಹೆಸರು ಹೇಳಿ ಸುಮ್ಮನಾಗುತ್ತದೆ.

ಕರ್ನಾಟಕದ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳ ಆಧಾರದ ಮೇಲೆ ವಿಂಗಡಿಸುವ ಬಗೆ, ಅರಸನು ಅವರಿಗೆ ಒದಗಿಸಬೇಕಾದ ಆಹಾರ, ಅವರು ಪಾಲಿಸಬೇಕಾದ ಸಂಯಮ ಎಲ್ಲವೂ ಅಲ್ಲಿ ಉಕ್ತವಾಗಿವೆ. ಸಾಮು ಮತ್ತು ಪಟ್ಟುಗಳ ಹೆಸರುಗಳೂ ಇವೆ. ಆ ಪಟ್ಟುಗಳನ್ನು ಹಾಕುವ ವಿವರಣೆ ಮಾತ್ರ ಇಲ್ಲ. ಪಾಕದಿಂದ ಆನೆಯ ಪೋಷಣೆಯವರೆಗೆ ಎಲ್ಲವನ್ನೂ ವಿಸ್ತರಿಸಿದ ಗ್ರಂಥಕಾರನಿಗೆ ಇಲ್ಲಿ ಮಾತು ಸಾಲದೆ ಹೋಯಿತೆನ್ನುವುದು ಕಷ್ಟ. ಆ ಹೆಸರು ಕಿವಿಗೆ ಬಿದ್ದೊಡನೆ ಪಟ್ಟನ್ನು ಹಾಕಿ ತೋರಿಸಬಲ್ಲ ಮಲ್ಲರು ಆಸ್ಥಾನದಲ್ಲಿಯೇ ಇದ್ದರು. ವಿವರಣೆಯ ಅಗತ್ಯ ಅವನಿಗೆ ಕಾಣಲಿಲ್ಲವೆಂದು ಊಹಿಸುವುದೇ ಯುಕ್ತ. ಇಂದು ಆ ಮಲ್ಲರಿಲ್ಲ. ಹೆಸರುಗಳು ಉಳಿದಿವೆ, ಅವುಗಳ ಹಿಂದಿದ್ದ ದೇಹಗಳು ಉಳಿದಿಲ್ಲ.

ಗ್ರಂಥವನ್ನು ಮಾತ್ರ ನಂಬಿ ಯುದ್ಧವಿದ್ಯೆಯನ್ನು ಕಲಿಯಹೊರಟ ರಾಜ್ಯವೊಂದರ ಅನುಭವವೂ ಇತಿಹಾಸದಲ್ಲಿ ದಾಖಲಾಗಿದೆ. 1592ರಲ್ಲಿ ಜಪಾನೀಯರು ಕೊರಿಯದ ಮೇಲೆ ದಂಡೆತ್ತಿ ಬಂದರು. ನೆರವಿಗೆ ಬಂದ ಚೀನಾದ ಸೈನ್ಯವು ಚಿ ಜಿಗುವಾಂಗ್ ಎಂಬ ಸೇನಾನಿಯ ಗ್ರಂಥದ ಕ್ರಮದಲ್ಲಿ ಪಳಗಿತ್ತೆಂದು ತಿಳಿದು, ಕೊರಿಯದ ಅರಸ ಸೊಂಜೊ ಆ ಗ್ರಂಥವನ್ನು ತರಿಸಿಕೊಂಡನು. ಆದರೆ ಅದರ ತಿರುಳು ವಿದ್ವಾಂಸರಿಗೆ ಓದಿನಿಂದ ಬಗೆಹರಿಯಲಿಲ್ಲ. ಕೊನೆಗೆ ಹಾನ್ ಗ್ಯೊ ಎಂಬ ಅಧಿಕಾರಿ ಚೀನೀ ಸೇನಾಧಿಕಾರಿಗಳನ್ನೇ ಕೇಳಿ ತಿಳಿದುಕೊಂಡು, 1598ರಲ್ಲಿ 6 ಆಯುಧವಿದ್ಯೆಗಳ ಕೈಪಿಡಿಯನ್ನು ಸಿದ್ಧಪಡಿಸಿದನು. ಅದೇ ಬೆಳೆದು 1790ರಲ್ಲಿ ಅರಸ ಚೊಂಗ್ಜೊನ ಆಜ್ಞೆಯಂತೆ 24 ವಿದ್ಯೆಗಳ 'ಮುಯೆದೊಬೊತೊಂಗ್‌ಜಿ'ಯಾಯಿತು. ಅದರ ಸಂಪಾದಕರು ಮೂವರು: ಯಿ ಡೊಕ್‌ಮು ಮತ್ತು ಪಾಕ್ ಜೆಗಾ ವಿದ್ವಾಂಸರು, ಬೆಕ್ ಡೊಂಗ್‌ಸು ಆಯುಧ ಹಿಡಿದು ಬಲ್ಲವನು. ಬರೆಯಬಲ್ಲವರ ಪಕ್ಕದಲ್ಲಿ ಮಾಡಬಲ್ಲವನೊಬ್ಬನನ್ನು ಕೂರಿಸಿದ್ದರಲ್ಲಿ ಎರಡು ಶತಮಾನಗಳ ಅನುಭವದ ವಿವೇಕವಿದೆ. ಚಲನೆಗಳಿಗೆ ಚಿತ್ರಗಳು ಸೇರಿದವು, ಸಾಮಾನ್ಯರಿಗಾಗಿ ಕೊರಿಯನ್ ಲಿಪಿಯ ವಿವರಣೆಯೂ ಸಿದ್ಧವಾಯಿತು. 20ನೆಯ ಶತಮಾನದಲ್ಲಿ ಈ ವಿದ್ಯೆಗಳನ್ನು ಮರಳಿ ಕಟ್ಟಹೊರಟವರಿಗೆ ಮುಖ್ಯ ಆಧಾರವಾದುದೂ ಈ ಗ್ರಂಥವೇ. ಆದರೂ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ದೇಹ ಹೇಗೆ ಸಾಗಬೇಕೆಂಬುದನ್ನು ಅವರು ಊಹಿಸಿಯೇ ತುಂಬಿಕೊಳ್ಳಬೇಕಾಯಿತು.

ಗುರುಪರಂಪರೆ ಉಳಿದಿರುವೆಡೆ ಗ್ರಂಥದ ಪಾತ್ರವೇ ಬೇರೆ. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರಿಗೆ ಸಂಬಂಧಿಸಿದ ಮಲ್ಲಪುರಾಣವೆಂಬ ಸಂಸ್ಕೃತ ಗ್ರಂಥವಿದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗ ನಡೆಸುವ ಜಟ್ಟಿಗಳನ್ನು ವಿದ್ವಾಂಸರು ಈ ಪರಂಪರೆಯೊಡನೆ ಜೋಡಿಸುತ್ತಾರೆ. ತಲೆ ಬೋಳಿಸಿ, ಕೈಗೆ ವಜ್ರನಖ ತೊಟ್ಟು ಸೆಣಸುವ ಈ ಕಾಳಗವು ಎದುರಾಳಿಯ ತಲೆಯಲ್ಲಿ ನೆತ್ತರು ಕಾಣಿಸಿದೊಡನೆ ಮುಗಿಯುತ್ತದೆ. ಎಷ್ಟು ಬಲದಿಂದ ಹೊಡೆಯಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಜಟ್ಟಿಯ ಮಗ ಗರಡಿಯಲ್ಲಿ ಹಿರಿಯರ ಕೈಕೆಳಗೆ ಕಲಿಯುತ್ತಾನೆ. ಅಲ್ಲಿ ಪುರಾಣವು ಕುಲದ ನೆನಪನ್ನು ಕಾಯುತ್ತದೆ, ಗರಡಿಯು ವಿದ್ಯೆಯನ್ನು ಕಾಯುತ್ತದೆ.

ಸ್ವಯಂಕಲಿಕೆಗೆ ಏಕಲವ್ಯನನ್ನು ಉದಾಹರಿಸುವುದು ರೂಢಿ. ಅವನ ಮುಂದಿದ್ದುದು ಗ್ರಂಥವಲ್ಲ, ಗುರುವಿನ ಮಣ್ಣಿನ ಪ್ರತಿಮೆ. ಅಲ್ಲದೆ ಬಿಲ್ವಿದ್ಯೆಯಲ್ಲಿ ಗುರಿಯೇ ತಪ್ಪನ್ನು ತೋರಿಸಿಕೊಡುತ್ತದೆ. ಬಾಣ ಎಷ್ಟು ಪಕ್ಕಕ್ಕೆ ಹೋಯಿತೆಂಬುದು ಒಂಟಿ ಅಭ್ಯಾಸಿಗೂ ಕಾಣುತ್ತದೆ. ಮಲ್ಲವಿದ್ಯೆಯಲ್ಲಿ ತಪ್ಪನ್ನು ತೋರಿಸಲು ಎದುರಿಗೆ ಇನ್ನೊಂದು ದೇಹವೇ ಬೇಕು.

ಜೈನ ಜ್ಞಾನಮೀಮಾಂಸೆ ಈ ವಿಷಯದಲ್ಲಿ ಒಂದು ಕ್ರಮವನ್ನು ಸೂಚಿಸುತ್ತದೆ. ಇಂದ್ರಿಯ ಮತ್ತು ಮನಸ್ಸುಗಳ ಮೂಲಕ ಒದಗುವುದು ಮತಿಜ್ಞಾನ. ಶಬ್ದ ಶಾಸ್ತ್ರಗಳನ್ನು ಆಶ್ರಯಿಸುವುದು ಶ್ರುತಜ್ಞಾನ. ಶ್ರುತಕ್ಕೆ ಮತಿಯೇ ಪೂರ್ವವೆಂಬುದು ತತ್ತ್ವಾರ್ಥಸೂತ್ರದ ನಿಲುವು. ಯುದ್ಧವಿದ್ಯೆಯ ಗ್ರಂಥಗಳಿಗೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ. ಒಮ್ಮೆ ಗರಡಿಯ ಮಣ್ಣು ಮೆಟ್ಟಿದವನಿಗೆ ಗ್ರಂಥ ನೆನಪಿನ ಆಸರೆ. ಮೆಟ್ಟದವನಿಗೆ ಅದು ಶಬ್ದಗಳ ಪಟ್ಟಿ. ಆದುದರಿಂದ ಹಳೆಯ ಮಲ್ಲಶಾಸ್ತ್ರಗಳನ್ನು ಸಂಪಾದಿಸಿ ಅಚ್ಚು ಹಾಕಿಸುವಷ್ಟೇ ತುರ್ತಾದ ಕೆಲಸ ಇನ್ನೊಂದಿದೆ: ಇನ್ನೂ ಉಳಿದಿರುವ ಗರಡಿಗಳ ಹಿರಿಯರಿಂದ ಪಟ್ಟುಗಳ ಹೆಸರನ್ನೂ, ಆ ಹೆಸರಿಗೆ ಅವರ ಕೈಕಾಲು ಕೊಡುವ ಅರ್ಥವನ್ನೂ ಒಟ್ಟಿಗೆ ದಾಖಲಿಸುವುದು. ಮಾನಸೋಲ್ಲಾಸದಲ್ಲಿ ಅರ್ಧ ಮಾತ್ರ ಉಳಿಯಿತು. ಉಳಿದರ್ಧ ಮಲ್ಲರೊಡನೆಯೇ ಹೋಯಿತು.